ರಾಜ-ಎಂಟು, ಎಂಟು ಬ್ಲೈಂಡ್, ಕೆಳಗೆ ಒಂದು ಹಾರ್ನ್

ಮೊದಲು ಪೋಕರ್‌ನ ಆ ಕೈ, ಅಂದರೆ ಒಂದು ಸಲ ಎಲೆ ಹಂಚಿ ಆಡಿದ್ದು, ಹೇಳಿಬಿಡುತ್ತೇನೆ, ಕಥೆ ಆಮೇಲೆ. ನಾಲ್ಕು ಜನ ಉಳಿದಿದ್ದೆವು. ಬ್ಲೈಂಡ್, ಅಂದರೆ ಎಲೆ ನೋಡುವ ಮೊದಲೇ ಇಬ್ಬರು ಹಾಕಲೇಬೇಕಾದ ಚಿಪ್ಸ್ (ಆಟದ ಬಿಲ್ಲೆ), 500-1,000: ಸ್ಮಾಲ್ ಬ್ಲೈಂಡ್ 500, ಬಿಗ್ ಬ್ಲೈಂಡ್ 1,000. ನಾನು ಸ್ಮಾಲ್ ಬ್ಲೈಂಡ್, ನನ್ನಲ್ಲಿ ಒಟ್ಟು 8,000 ಚಿಪ್ಸ್, ಅಂದರೆ ಎಂಟು ಬಿಗ್ ಬ್ಲೈಂಡಿನಷ್ಟು. ನನ್ನ ಎಡಕ್ಕೆ ಬಿಗ್ ಬ್ಲೈಂಡಿನಲ್ಲಿ ಮಾಷ್ಟ್ರು, ಅವರಲ್ಲಿ 9,000. ಡಾಕ್ಟ್ರು ಮೊದಲು ಎಲೆ ಬಿಸಾಡಿದರು, ಪಾಪ ಅವರಲ್ಲಿ ಉಳಿದದ್ದು ಬರೀ 3,000. ಬಟನ್‌ನಲ್ಲಿ, ಅಂದರೆ ಎಲೆ ಹಂಚುವವರ ಜಾಗದಲ್ಲಿ, ಶೆಟ್ರು, 20,000ದ ಗುಡ್ಡೆ ಎದುರಿಗೆ ಇಟ್ಟುಕೊಂಡು ಕೂತವರು, ಅವರೂ ಬಿಸಾಡಿದರು. ನನ್ನ ಕೈಯಲ್ಲಿ ಆಟೀನ್ ರಾಜ, ಕಳಾವರ್ ಎಂಟು. ನಾನು "ಆಲ್-ಇನ್" ಅಂದೆ, ಇದ್ದ ಚಿಪ್ಸ್ ಎಲ್ಲಾ ಒಳಗೆ. ಮಾಷ್ಟ್ರು ನನ್ನ ಮುಖ ಕೂಡ ನೋಡದೆ "ಆಯ್ತು, ಕಾಲ್" ಅಂದರು, ಅಂದರೆ ಅಷ್ಟೇ ಚಿಪ್ಸ್ ಹಾಕಿ ಎದುರು ನಿಂತರು. ಅವರದ್ದು ಇಸ್ಪೀಟ್ ರಾಣಿ, ಕಳಾವರ್ ಗುಲಾಮ.

ಇಲ್ಲಿಗೆ ನಾನೇ ಮುಂದೆ, ನೂರಕ್ಕೆ 55ರ ಆಸುಪಾಸು. ಎಲ್ಲರಿಗೂ ಸೇರಿದ ಐದು ಎಲೆಗಳಲ್ಲಿ ಮೊದಲ ಮೂರು, ಮೇಜಿನ ಮೇಲೆ ಕಳಾವರ್ ಒಂಬತ್ತು, ಡೈಮಂಡ್ ನಾಲ್ಕು, ಇಸ್ಪೀಟ್ ಎರಡು ಬಿತ್ತು. ನಾಲ್ಕನೆಯದು ಆಟೀನ್ ಎಕ್ಕ. ಇಬ್ಬರಿಗೂ ಜೋಡಿ ಇಲ್ಲ, ನನ್ನ ರಾಜ ದೊಡ್ಡದು, ಈಗಲೂ ನಾನೇ ಮುಂದೆ. ಕಾಣದೆ ಉಳಿದ 44 ಎಲೆಗಳಲ್ಲಿ ಮಾಷ್ಟ್ರಿಗೆ ಕೆಲಸಕ್ಕೆ ಬರುವುದು ಆರೇ ಆರು: ಮೂರು ರಾಣಿ, ಮೂರು ಗುಲಾಮ. ಕೊನೆಯ ಎಲೆ ಡೈಮಂಡ್ ಗುಲಾಮ. ಶೆಟ್ರು ತುಳುವಿನಲ್ಲಿ "ಪೋಂಡು" (ಹೋಯಿತು) ಅಂದರು, ಅಷ್ಟೇ. ನಾನು ಎದ್ದು ಚಾ ಇಡಲು ಹೋದೆ. ನಾಲ್ಕನೆಯವನಾಗಿ ಹೊರಬಿದ್ದವನಿಗೆ ಚಾದ ಕೆಲಸ, ಅದು ನಮ್ಮಲ್ಲಿಯ ರೂಢಿ.

ಎಲ್ಲರೂ "ಎಂತ ಲಕ್ ಮಾರಾಯ ನಿನ್ನದು" ಅಂತ ಬೆನ್ನು ತಟ್ಟಿದರು. ನಾನೂ ಎರಡು ದಿನ ಹಾಗೇ ಅಂದುಕೊಂಡು ಖುಷಿಯಲ್ಲೇ ಇದ್ದೆ, ಸೋತರೂ ಸರಿಯಾಗಿ ಆಡಿ ಸೋತೆ ಅನ್ನುವುದರಲ್ಲಿ ಒಂದು ಸುಖ ಉಂಟು ನೋಡಿ. ಆಮೇಲೆ ಕಾಗದ ಪೆನ್ಸಿಲ್ ಹಿಡಿದು ಕೂತೆ. ಆ ಸುಖವೂ ಹೋಯಿತು.

ನಮ್ಮ ಆಟದ ಬಗ್ಗೆ ಸ್ವಲ್ಪ ಹೇಳಬೇಕು, ಇಲ್ಲದಿದ್ದರೆ ಲೆಕ್ಕ ಅರ್ಥವಾಗುವುದಿಲ್ಲ. ಮಂಗಳೂರು ಬಿಜೈಯ ಒಂದು ಮನೆಯ ಮಾಳಿಗೆಯಲ್ಲಿ ತಿಂಗಳ ಮೊದಲ ಶನಿವಾರ ಎಂಟು ಜನ ಸೇರುತ್ತೇವೆ. ದುಡ್ಡು ಇಲ್ಲ. ಒಂದು ಪೈಸೆಯೂ ಇಲ್ಲ. ಪೋಕರ್ ಅಂದ ಕೂಡಲೇ ನಮ್ಮ ಊರಿನಲ್ಲಿ ಜನರಿಗೆ ನೆನಪಾಗುವುದು ಉಲಾಯಿ-ಪಿದಾಯಿ (ಅಂದರ್-ಬಾಹರ್ ಜೂಜು) ಮತ್ತು ಪೊಲೀಸ್ ಜೀಪು, ಹಾಗಾಗಿ ಇದನ್ನು ದೊಡ್ಡದಾಗಿಯೇ ಹೇಳುತ್ತೇನೆ. ಕಾನೂನಿನ ಕಥೆಯೂ ಸುಮ್ನೆ ನೆಟ್ಟಗಿಲ್ಲ. 2021ರಲ್ಲಿ ರಾಜ್ಯ ಸರ್ಕಾರ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ದುಡ್ಡಿನ ಆನ್‌ಲೈನ್ ಆಟ ನಿಲ್ಲಿಸಿತು. 2022ರ ಫೆಬ್ರವರಿಯಲ್ಲಿ ಹೈಕೋರ್ಟ್ ಆ ತಿದ್ದುಪಡಿಯ ಮುಖ್ಯ ಭಾಗಗಳನ್ನೇ ಹೊಡೆದುಹಾಕಿತು. 2025ರ ಆಗಸ್ಟ್‌ನಲ್ಲಿ ಕೇಂದ್ರದ ಕಾಯ್ದೆ ಬಂದು ಫೋನಿನಲ್ಲಿ ದುಡ್ಡಿಟ್ಟು ಆಡುವುದು ಪೂರ್ತಿ ಬಂದ್. ನಮಗೆ ಇದ್ಯಾವುದೂ ತಟ್ಟಲಿಲ್ಲ. ಮೊದಲು ಚೆನ್ನೆಮಣೆಯ ಕಾಯಿಗಳನ್ನೇ ಚಿಪ್ಸ್ ಮಾಡಿ ಆಡುತ್ತಿದ್ದೆವು, ಈಗ ಪ್ಲಾಸ್ಟಿಕ್ಕಿನದ್ದು ಬಂದಿದೆ, ಅಷ್ಟೇ ಬದಲಾವಣೆ.

ದುಡ್ಡಿನ ಬದಲು ಪಾಯಿಂಟ್. ಪ್ರತಿಯೊಬ್ಬರಿಗೂ 5,000 ಚಿಪ್ಸ್, ಒಟ್ಟು 40,000. ಕೊನೆಗೆ ಉಳಿದವರಿಗೆ 5 ಪಾಯಿಂಟ್, ಎರಡನೆಯವರಿಗೆ 3, ಮೂರನೆಯವರಿಗೆ 2. ಉಳಿದ ಐದು ಜನರಿಗೆ ಸೊನ್ನೆ. ವರ್ಷದ ಕೊನೆಗೆ ಪಟ್ಟಿಯಲ್ಲಿ ಕೆಳಗಿರುವ ಇಬ್ಬರು ಎಲ್ಲರಿಗೂ ಮೀನಿನ ಊಟ ಮತ್ತು ಗಡ್‌ಬಡ್ ಐಸ್‌ಕ್ರೀಂ ಕೊಡಿಸಬೇಕು. ಎಂಟು ಗಡ್‌ಬಡ್ ಅಂದರೆ ಸಣ್ಣ ವಿಷಯ ಅಲ್ಲ.

ಹಾಗಾಗಿ ನಾಲ್ಕು ಜನ ಉಳಿದಾಗ ಮೇಜು ಒಮ್ಮೆಲೇ ಮೌನ. ಇನ್ನೊಬ್ಬ ಹೊರಬಿದ್ದರೆ ಉಳಿದ ಮೂವರಿಗೆ ಕನಿಷ್ಠ 2 ಪಾಯಿಂಟ್ ಗ್ಯಾರಂಟಿ. ಆ ಇನ್ನೊಬ್ಬ ನಾನಾಗಬಾರದು. ಇದನ್ನೇ ಬಬಲ್ ಅನ್ನುವುದು.

ಈಗ ನಾನು ಆವತ್ತು ತಲೆಯಲ್ಲಿ ಮಾಡಿದ ಲೆಕ್ಕ. ಫೋಲ್ಡ್ ಮಾಡಿದರೆ, ಅಂದರೆ ಎಲೆ ಬಿಸಾಡಿದರೆ, ಹಾಕಿದ 500 ಹೋಗಿ ನನ್ನಲ್ಲಿ 7,500 ಉಳಿಯುತ್ತದೆ. ಆಲ್-ಇನ್ ಹೋಗಿ ಮಾಷ್ಟ್ರು ಫೋಲ್ಡ್ ಮಾಡಿದರೆ ಅವರ 1,000 ಸೇರಿ 9,000. ಅವರು ಕಾಲ್ ಮಾಡಿ ನಾನು ಗೆದ್ದರೆ 16,000. ಸೋತರೆ ಸೊನ್ನೆ. ಅವರು ನೂರರಲ್ಲಿ 75 ಸಲ ಫೋಲ್ಡ್ ಮಾಡುತ್ತಾರೆ ಅಂತ ಇಟ್ಟುಕೊಂಡರೆ, ಬರೀ ಆ ಫೋಲ್ಡ್‌ಗಳಿಂದಲೇ ನನಗೆ ಸರಾಸರಿ 6,750 ಬಂದಾಯಿತು. ಉಳಿದ 750 ಬರಲು, ಅವರು ಕಾಲ್ ಮಾಡಿದಾಗ ನಾನು ನೂರಕ್ಕೆ 19 ಸಲ ಗೆದ್ದರೆ ಸಾಕು. ಎರಡು-ಏಳಿನಂಥ ದರಿದ್ರ ಎಲೆಯೂ ಅಷ್ಟು ಗೆಲ್ಲುತ್ತದೆ. ಇನ್ನೂ ಮುಂದೆ ಹೋಗಿ, ಅವರು ಎಲೆಯನ್ನೇ ನೋಡದೆ ಪ್ರತಿ ಸಲ ಕಾಲ್ ಮಾಡುತ್ತಾರೆ ಅಂದುಕೊಳ್ಳಿ. ಆಗಲೂ ನನಗೆ ಬೇಕಾದದ್ದು 47. ರಾಜ-ಎಂಟು ಯಾವುದೋ ಎರಡು ಎಲೆಯ ಎದುರು ಸುಮಾರು 56 ಸಲ ಗೆಲ್ಲುತ್ತದೆ. ಅಂದರೆ ಚಿಪ್ಸ್ ಲೆಕ್ಕದಲ್ಲಿ ಮಾಷ್ಟ್ರು ಏನೇ ಮಾಡಲಿ, ನನಗೆ ಲಾಭ.

ಹಾಗಾದರೆ ಆಲ್-ಇನ್ ಯಾಕೆ, ಪಣವನ್ನು 2,500ಕ್ಕೆ ಮಾತ್ರ ಏರಿಸಬಹುದಿತ್ತಲ್ಲ ಅಂತ ಡಾಕ್ಟ್ರು ಆಮೇಲೆ ಕೇಳಿದರು. ಮಾಡಬಹುದು, ಆದರೆ ಎಂಟು ಬ್ಲೈಂಡಿನಲ್ಲಿ ಅದು ಅರ್ಧ ಹೊಳೆ ದಾಟಿ ನಿಂತ ಹಾಗೆ. ಮಾಷ್ಟ್ರು ಮೇಲಿಂದ ಆಲ್-ಇನ್ ಹಾಕಿದರೆ ನಾನು 5,500 ಕೊಟ್ಟು 16,000ದ ಪಾಟ್‌ಗೆ (ಮಧ್ಯದ ಗುಡ್ಡೆಗೆ) ಹೋಗಬೇಕು, ಚಿಪ್ಸ್ ಲೆಕ್ಕದಲ್ಲಿ ಗೆಲ್ಲುವ ಸಾಧ್ಯತೆ ನೂರಕ್ಕೆ 34 ಇದ್ದರೂ ಹೋಗಲೇಬೇಕು. ಹೇಗೂ ಹೋಗುವುದೇ ಆದರೆ ಮೊದಲೇ ಹೋಗಿ ಅವರಿಗೆ ಬಿಡುವ ಅವಕಾಶ ಕೊಡುವುದು ಒಳ್ಳೆಯದು. ಆಲ್-ಇನ್‌ನ ಅರ್ಧ ಬಲ ಇರುವುದು ಎದುರಿನವರ ಫೋಲ್ಡ್‌ನಲ್ಲಿ. ಕಾಲ್ ಮಾಡುವವನಿಗೆ ಆ ಬಲ ಇಲ್ಲ, ಅವನು ಎಲೆ ತೋರಿಸಿಯೇ ಗೆಲ್ಲಬೇಕು. ಹಾಗಾಗಿ ಒಂದೇ ಎಲೆಯಲ್ಲಿ ನಾವು ಹೋಗುವುದು ಸರಿ, ಬೇರೆಯವರು ಹೋದಾಗ ಅದೇ ಎಲೆಯಲ್ಲಿ ಕಾಲ್ ಮಾಡುವುದು ತಪ್ಪು, ಎರಡೂ ಆಗಬಹುದು.

ನನ್ನ ತಲೆಯಲ್ಲಿ ಇನ್ನೊಂದು ಸಂಗತಿಯೂ ಇತ್ತು. ಪಾಲ್ ಮ್ಯಾಗ್ರಿಯಲ್ ಅಂತ ಬ್ಯಾಕ್‌ಗ್ಯಾಮನ್ ಮತ್ತು ಪೋಕರ್ ಎರಡರಲ್ಲೂ ಹೆಸರು ಮಾಡಿದ ಆಟಗಾರ ಇದ್ದರು, ಅವರ ಉಪನಾಮದ ಮೊದಲ ಅಕ್ಷರದಿಂದ ಬಂದದ್ದು ಎಂ ಅನ್ನುವ ಅಳತೆ. ನಮ್ಮ ಚಿಪ್ಸ್ ಅನ್ನು ಎರಡೂ ಬ್ಲೈಂಡಿನ ಮೊತ್ತದಿಂದ ಭಾಗಿಸುವುದು. 8,000 ಭಾಗಿಸು 1,500, ಅಂದರೆ ಐದು ಚಿಲ್ಲರೆ. ಏನೂ ಆಡದೆ ಕೂತರೆ ಐದು ಸುತ್ತು ಬದುಕುತ್ತೇನೆ. ಎಂಟು ಜನರ ಮೇಜಿನಲ್ಲಿ ಐದು ಸುತ್ತು ಅಂದರೆ 40 ಕೈ, ನಾಲ್ಕು ಜನರಲ್ಲಿ 20. ಬ್ಲೈಂಡ್ ಬೇರೆ ಏರುತ್ತದೆ. ಜೋಡಿ ಎಲೆ ಬರುವುದು 17 ಕೈಗೆ ಒಮ್ಮೆ, ಎಕ್ಕದ ಜೋಡಿ 221ಕ್ಕೆ ಒಮ್ಮೆ. ಒಳ್ಳೆಯ ಎಲೆ ಬರಲಿ ಅಂತ ಕಾಯುವವನು ಬಸ್ ಹೋದ ಮೇಲೆ ಸ್ಟಾಪಿಗೆ ಬರುತ್ತಾನೆ, ಅಲ್ವಾ?

ಇದೆಲ್ಲಾ ಸಾಲದು ಅಂತ ನಾನು ನ್ಯಾಶ್ ಚಾರ್ಟನ್ನು ಬಾಯಿಪಾಠ ಮಾಡಿದ್ದೆ. ಜಾನ್ ನ್ಯಾಶ್, 1994ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂದ ಗಣಿತಜ್ಞ, ಅವರ ಸಮತೋಲನದ ಸಿದ್ಧಾಂತದಿಂದ ತೆಗೆದ ಪಟ್ಟಿ ಅದು. ಇಬ್ಬರೇ ಆಡುವಾಗ ಎಷ್ಟು ಬ್ಲೈಂಡಿಗೆ ಯಾವ ಎಲೆಯಲ್ಲಿ ಆಲ್-ಇನ್ ಅಂತ ಅದರಲ್ಲಿ ಉಂಟು. ಎಂಟು ಬ್ಲೈಂಡಿಗೆ ರಾಜ ಇರುವ ಯಾವ ಕೈಯೂ ಆಲ್-ಇನ್, ಇನ್ನೊಂದು ಎಲೆ ಎಂತದೇ ಇರಲಿ. ನಾನು ಅದನ್ನೇ ಮಾಡಿದೆ. ತಪ್ಪಿದ್ದು ಇಲ್ಲೇ. ಆ ಪಟ್ಟಿ ಇಬ್ಬರ ಆಟದ್ದು, ಪೂರ್ತಿ ಚಿಪ್ಸ್ ಲೆಕ್ಕದ್ದು. ನಾವು ಇದ್ದದ್ದು ನಾಲ್ಕು ಜನ, ಆಡುತ್ತಿದ್ದದ್ದು ಪಾಯಿಂಟ್‌ಗೆ.

ಚಿಪ್ಸ್ ಅನ್ನು ಪಾಯಿಂಟ್‌ಗೆ ಬದಲಾಯಿಸಲು ಐಸಿಎಂ ಅನ್ನುವ ಲೆಕ್ಕ ಉಂಟು, ಇಂಡಿಪೆಂಡೆಂಟ್ ಚಿಪ್ ಮಾಡೆಲ್. ಹೇಳಲು ಸುಲಭ. ಒಟ್ಟು ಚಿಪ್ಸ್‌ನಲ್ಲಿ ನಿಮ್ಮ ಪಾಲು ಎಷ್ಟೋ ಅಷ್ಟು ನೀವು ಮೊದಲು ಬರುವ ಸಾಧ್ಯತೆ. ಆಮೇಲೆ ಇನ್ನೊಬ್ಬ ಮೊದಲು ಬಂದ ಅಂದುಕೊಂಡು ಅವನ ಚಿಪ್ಸ್ ತೆಗೆದಿಡಿ, ಉಳಿದದ್ದರಲ್ಲಿ ನಿಮ್ಮ ಪಾಲು ನೋಡಿ, ಅದು ಎರಡನೆಯ ಸ್ಥಾನ. ಹೀಗೇ ಮೂರನೆಯದು. ಕೈಯಲ್ಲಿ ಮಾಡಲು ಮಂಡೆ ಬಿಸಿಯಾಗುತ್ತದೆ, ಆದರೆ ನಾಲ್ಕು ಜನರಿಗೆ ಒಂದು ಭಾನುವಾರ ಸಾಕು.

ಬಂದದ್ದು ಇಷ್ಟು. ಫೋಲ್ಡ್ ಮಾಡಿ 7,500 ಇಟ್ಟುಕೊಂಡರೆ ನನ್ನ ಬೆಲೆ, ಅಂದರೆ ಸರಾಸರಿ ಸಿಗಬಹುದಾದದ್ದು, 2.41 ಪಾಯಿಂಟ್. ಮಾಷ್ಟ್ರು ಬಿಟ್ಟುಕೊಟ್ಟು 9,000 ಆದರೆ 2.66. ಗೆದ್ದು 16,000 ಆದರೆ 3.61. ಸೋತರೆ ಸೊನ್ನೆ. ಸ್ವಲ್ಪ ನಿಂತು ನೋಡಿ ಇದನ್ನು. 7,500ರಿಂದ 16,000, ಅಂದರೆ ಚಿಪ್ಸ್ ಎರಡು ಪಟ್ಟಿಗಿಂತ ಜಾಸ್ತಿ ಆಯಿತು, ಪಾಯಿಂಟ್ ಒಂದೂವರೆ ಪಟ್ಟು ಮಾತ್ರ ಆಯಿತು. ಕಳೆದುಕೊಳ್ಳುವಾಗ ಮಾತ್ರ ಪೂರ್ತಿ ಹೋಗುತ್ತದೆ. ಮಾಷ್ಟ್ರು 75 ಸಲ ಫೋಲ್ಡ್ ಮಾಡುವವರಾದರೆ, ಚಿಪ್ಸ್ ಲೆಕ್ಕದಲ್ಲಿ ನನಗೆ 19 ಸಾಕಿತ್ತು ಅಂದೆನಲ್ಲ, ಪಾಯಿಂಟ್ ಲೆಕ್ಕದಲ್ಲಿ 46 ಬೇಕು. ಅವರ ಒಳ್ಳೆಯ ಕಾಲು ಭಾಗದ ಎಲೆಗಳ ಎದುರು ರಾಜ-ಎಂಟಿಗೆ 40 ಕೂಡ ಕಷ್ಟ.

ಅಂದರೆ ಫೋಲ್ಡೇ ಸರಿಯಾ? ಅಷ್ಟು ಬೇಗ ಇಲ್ಲ. ಮಾಷ್ಟ್ರ ಕುರ್ಚಿಯಲ್ಲಿ ಕೂತು ನೋಡಬೇಕು. ನನ್ನ ಆಲ್-ಇನ್‌ಗೆ ಅವರು ಕಾಲ್ ಮಾಡಲು ಚಿಪ್ಸ್ ಲೆಕ್ಕದಲ್ಲಿ 44 ಸಾಕು, ಪಾಯಿಂಟ್ ಲೆಕ್ಕದಲ್ಲಿ 60 ಬೇಕು. ನಾನು ಕಣ್ಣು ಮುಚ್ಚಿ ಯಾವ ಎಲೆಯಲ್ಲೂ ಹೋಗುತ್ತೇನೆ ಅಂತ ಅವರಿಗೆ ಗೊತ್ತಿದ್ದರೂ, 60 ಇರುವ ಕೈ ಅಂದರೆ ಐದರ ಜೋಡಿಯಿಂದ ಮೇಲೆ, ಎಂಟರಿಂದ ಮೇಲಿನ ಎಲೆ ಜೊತೆಗಿರುವ ಎಕ್ಕ, ಮತ್ತೆ ರಾಜ-ಗುಲಾಮ, ರಾಜ-ರಾಣಿ ಹೀಗೆ ಕೆಲವು. ಎರಡು ಎಲೆಯ ಒಟ್ಟು ಜೋಡಣೆ 1,326 ಇವೆ, ಅದರಲ್ಲಿ ಇವು ಸುಮಾರು 200. ನೂರಕ್ಕೆ 15. ಹಾಗೆ ಆಡುವ ಮಾಷ್ಟ್ರು 85 ಸಲ ಫೋಲ್ಡ್ ಮಾಡುತ್ತಾರೆ, ಆಗ ನನಗೆ ಬೇಕಾದದ್ದು 28, ರಾಜ-ಎಂಟಿಗೆ 35ರ ಆಸುಪಾಸು ಉಂಟು. ಆಲ್-ಇನ್ ಸರಿ! ಲಾಭ ಕೂದಲೆಳೆಯಷ್ಟು, ಆದರೂ ಲಾಭ.

ಅಂದರೆ ನನ್ನ ರಾಜ-ಎಂಟು ಒಳ್ಳೆಯದೋ ಕೆಟ್ಟದ್ದೋ ಅನ್ನುವುದು ಆ ಎರಡು ಎಲೆಗಳಲ್ಲಿ ಇರಲೇ ಇಲ್ಲ. ಮಾಷ್ಟ್ರು 85 ಸಲ ಬಿಡುತ್ತಾರಾ, 75 ಸಲ ಬಿಡುತ್ತಾರಾ ಅನ್ನುವುದರಲ್ಲಿ ಇತ್ತು. ಆ ಹತ್ತರ ವ್ಯತ್ಯಾಸದಲ್ಲಿ ಇಡೀ ತೀರ್ಮಾನ ತಿರುಗಿಬಿಡುತ್ತದೆ.

ಮಾಷ್ಟ್ರ ಬಗ್ಗೆ ನನಗೆ ಏನು ಗೊತ್ತಿತ್ತು? ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟು ನಿವೃತ್ತರಾದವರು. ಆಟದಲ್ಲಿ ಬಿಗಿ. ಜೋಡಿ ಇಲ್ಲದೆ ಕೈ ಹಾಕುವುದಿಲ್ಲ ಅಂತ ಎಲ್ಲರೂ ತಮಾಷೆ ಮಾಡುತ್ತೇವೆ. 85 ಅಂತ ನಾನು ನಂಬಿದ್ದಕ್ಕೆ ಕಾರಣ ಇತ್ತು.

ಆದರೆ ಆವತ್ತು ಮಳೆ. ನಮ್ಮ ಊರಿನ ಮಳೆ ಗೊತ್ತಲ್ಲ, ಹಂಚಿನ ಮೇಲೆ ಒಂದೇ ಸಮ, ಪಕ್ಕದವರ ಮಾತು ಕೇಳುವುದಿಲ್ಲ. ಮಾಷ್ಟ್ರಿಗೆ ರಾತ್ರಿ ಸ್ಕೂಟರ್ ಓಡಿಸುವುದು ಬೇಡ ಅಂತ ಮಗಳು ಕಾರಿನಲ್ಲಿ ಬಿಟ್ಟು ಹೋಗಿದ್ದಳು, ಹತ್ತೂವರೆಗೆ ಕರೆದುಕೊಂಡು ಹೋಗಲು ಬರುತ್ತೇನೆ ಅಂದಿದ್ದಳು. ಇದನ್ನು ಅವರು ಕೂರುವಾಗಲೇ ಹೇಳಿದ್ದರು. "ಹತ್ತೂವರೆಗೆ ನಾನು ಹೊರಡುವವ, ಮತ್ತೆ ಬೇಜಾರು ಮಾಡ್ಬಾರ್ದು." ಹತ್ತೂ ಕಾಲಿಗೆ ಒಮ್ಮೆ ಗಡಿಯಾರ ನೋಡಿದರು. ಇಪ್ಪತ್ತಕ್ಕೆ ಇನ್ನೊಮ್ಮೆ. ನನ್ನ ಎಲೆ ಬಂದು, ನಾನು ಎಂಟು ಬ್ಲೈಂಡ್, ಎಂ ಐದು, ನ್ಯಾಶ್ ಅಂತ ಲೆಕ್ಕ ಹಾಕುತ್ತಾ ಕೂತಾಗ ಕೆಳಗೆ ಗೇಟಿನ ಹತ್ತಿರ ಎರಡು ಸಲ ಹಾರ್ನ್ ಕೇಳಿತು. ಮಳೆಯಲ್ಲೂ ಕೇಳಿತು. ಅದಾದ ಮೇಲೆ ನಾನು ಆಲ್-ಇನ್ ಅಂದದ್ದು.

ಮನೆಗೆ ಹೊರಟವನು ಫೋಲ್ಡ್ ಮಾಡುವುದಿಲ್ಲ. ಇದು ಯಾವ ಚಾರ್ಟಿನಲ್ಲೂ ಬರೆದಿಲ್ಲ, ಬರೆಯಬೇಕಾಗಿಯೂ ಇಲ್ಲ.

ತಮಾಷೆ ಏನು ಅಂದರೆ, ಕಾಲ್ ಮಾಡಿ ಗೆದ್ದುಬಿಟ್ಟದ್ದರಿಂದ ಮಾಷ್ಟ್ರಿಗೆ 17,000 ಆಯಿತು, ಅಷ್ಟು ಚಿಪ್ಸ್ ಇಟ್ಟುಕೊಂಡು ಎದ್ದು ಹೋಗಲು ಶೆಟ್ರು ಬಿಡಲಿಲ್ಲ. ಮಗಳು ಮೇಲೆ ಬಂದಳು, ಕೊಡೆ ಮಡಚಿ ಬಾಗಿಲ ಹತ್ತಿರ ಇಟ್ಟಳು, ನಾನು ಮಾಡಿದ ಚಾ ಕುಡಿದು ತಣ್ಣಗಾದ ಗೋಳಿಬಜೆ ತಿಂದು ಹನ್ನೊಂದೂವರೆವರೆಗೆ ಫೋನ್ ನೋಡುತ್ತಾ ಕೂತಳು. ಶೆಟ್ರು ಮೊದಲು, ಮಾಷ್ಟ್ರು ಎರಡನೆಯವರು, ಡಾಕ್ಟ್ರು ಮೂರು.

ಡಾಕ್ಟ್ರ ವಿಷಯ ಹೇಳದಿದ್ದರೆ ಈ ಬರಹ ಅರ್ಧ. ಆ ಕೈ ಶುರುವಾಗುವಾಗ ಅವರ ಬೆಲೆ 1.12 ಪಾಯಿಂಟ್. ನಾನೂ ಮಾಷ್ಟ್ರೂ ಗುದ್ದಾಡಿ ನಾನು ಹೊರಬಿದ್ದ ಕ್ಷಣ ಅದು 2.36. ಎರಡು ಪಟ್ಟಿಗಿಂತ ಜಾಸ್ತಿ, ಅದೂ ಎಲೆ ಬಿಸಾಡಿ ಸುಮ್ನೆ ಕೂತದ್ದಕ್ಕೆ. ಬಬಲ್‌ನಲ್ಲಿ ಇಬ್ಬರು ಮಧ್ಯಮರು ಡಿಕ್ಕಿ ಹೊಡೆದರೆ ಇಬ್ಬರೂ ಸೇರಿ ಕಳೆದುಕೊಂಡದ್ದು ಹೋಗುವುದು ಬದಿಯಲ್ಲಿ ಕೂತವರ ಜೇಬಿಗೆ. ಇನ್ನೂ ಹೊಟ್ಟೆ ಉರಿಯುವ ಸಂಗತಿ ಉಂಟು. ಮುಂದಿನ ಕೈಯಲ್ಲಿ ಬಿಗ್ ಬ್ಲೈಂಡ್ ಡಾಕ್ಟ್ರದ್ದೇ. 3,000ದಲ್ಲಿ 1,000 ಹಾಕಲೇಬೇಕು, ಅದರ ಮುಂದಿನದ್ದರಲ್ಲಿ ಇನ್ನೂ 500. ನಾನೋ ಬಟನ್, ಬಿಟ್ಟಿಯಾಗಿ ನೋಡಬಹುದು. ಐಸಿಎಂಗೆ ಇದು ಕಾಣುವುದಿಲ್ಲ, ಅದಕ್ಕೆ ಯಾರು ಎಲ್ಲಿ ಕೂತಿದ್ದಾರೆ ಅನ್ನುವುದೇ ಗೊತ್ತಿಲ್ಲ. ಹಾಗಾಗಿ ನನ್ನ ಫೋಲ್ಡಿನ ನಿಜವಾದ ಬೆಲೆ 2.41ಕ್ಕಿಂತ ಸ್ವಲ್ಪ ಮೇಲೆಯೇ ಇತ್ತು. ಇದನ್ನು ಮೇಜಿನಲ್ಲೇ ಎಣಿಸಬಹುದಿತ್ತು, ಕಾಗದ ಬೇಕಿರಲಿಲ್ಲ, ಬಟನ್ ಎಲ್ಲಿದೆ ಅಂತ ಒಮ್ಮೆ ಕಣ್ಣು ಹಾಯಿಸಿದ್ದರೆ ಸಾಕಿತ್ತು.

ಆ ಲೆಕ್ಕವೆಲ್ಲಾ ಮುಗಿದ ಮೇಲೆ ಒಂದು ಸೋಮವಾರ ಸಂಜೆ ಮಲ್ಲಿಕಟ್ಟೆ ಹತ್ತಿರದ ಹೋಟೆಲಿನಲ್ಲಿ ಮಾಷ್ಟ್ರು ಸಿಕ್ಕಿದರು. ಬನ್ಸ್ ಹೇಳಿ ಕೂತೆವು. ನಾನು ಅಂಕಿಗಳನ್ನು ಹೇಳಿದೆ, ಅವರು ಜೇಬಿನಿಂದ ಯಾವುದೋ ಮದುವೆ ಕಾಗದ ತೆಗೆದು ಹಿಂದೆ ಬರೆಯುತ್ತಾ ಹೋದರು. ಐಸಿಎಂ ಅವರಿಗೆ ಐದು ನಿಮಿಷದಲ್ಲಿ ಅರ್ಥವಾಯಿತು, ನನಗೆ ಒಂದು ಭಾನುವಾರ ಬೇಕಾಗಿತ್ತು. 60 ಅಂತ ಬಂದ ಕೂಡಲೇ ಪೆನ್ ಇಟ್ಟರು.

"ಹಾಗಾದ್ರೆ ನಂದೂ ತಪ್ಪೇ."

"ತಪ್ಪೇ ಮಾಷ್ಟ್ರೇ. ರಾಣಿ-ಗುಲಾಮ ಅಲ್ಲಿ ಸಾಕಾಗುವುದಿಲ್ಲ."

"ರಾಣಿ-ಗುಲಾಮ ಬಿಡು ಮಾರಾಯ. ಎರಡು-ಏಳು ಇದ್ರೂ ನಾನು ಹೋಗ್ತಿದ್ದೆ. ಸೋತ್ರೆ ಸಾವಿರ ಉಳಿತದೆ, ಅದನ್ನು ಮುಂದಿನ ಕೈಗೆ ಹಾಕಿ ಹೊರಡುದು ಅಂತ ಇದ್ದೆ."

ಹಾಗಾದರೆ ಇನ್ನೊಂದು ಲೆಕ್ಕ ಹಾಕೋಣ ಅಂದೆ. ಪ್ರತಿ ಸಲ ಕಾಲ್ ಮಾಡುವ ಮಾಷ್ಟ್ರ ಎದುರು ನನಗೆ ಎಷ್ಟು ಬೇಕಿತ್ತು? 2.41 ಭಾಗಿಸು 3.61. ಅವರೇ ಭಾಗಿಸಿದರು. 67. ಯಾವುದೋ ಎರಡು ಎಲೆಯ ಎದುರು 67 ಇರುವ ಕೈ ಬೆರಳೆಣಿಕೆ. ಎಂಟರ ಜೋಡಿ ಮತ್ತು ಅದರ ಮೇಲಿನವು. ಒಂದೇ ಜಾತಿಯ, ಅಂದರೆ ಎರಡೂ ಆಟೀನ್ ಇದ್ದ ಹಾಗೆ, ಎಕ್ಕ-ರಾಜ ಅಂಚಿನಲ್ಲಿ. ಬೇರೆ ಬೇರೆ ಜಾತಿಯ ಎಕ್ಕ-ರಾಜ ಆದರೆ 65, ಅದೂ ಸಾಲದು! ನಾನು ಅಲ್ಲಿ ಎಕ್ಕ-ರಾಜ ಹಿಡಿದಿದ್ದರೆ ಎರಡು ಸೆಕೆಂಡ್ ಕೂಡ ಯೋಚಿಸುತ್ತಿರಲಿಲ್ಲ. ನನ್ನಲ್ಲಿ ಇದ್ದದ್ದು 56ರ ರಾಜ-ಎಂಟು. ಅದರ ಬೆಲೆ 2.02 ಪಾಯಿಂಟ್, ಸುಮ್ನೆ ಎಲೆ ಬಿಸಾಡಿದ್ದರೆ 2.41. ನಾನು ಮುಂದೆ ಇದ್ದೆ, ಗುಲಾಮ ಬಂದು ಕೆಡಿಸಿತು ಅಂತ ಎರಡು ದಿನ ಹೇಳಿಕೊಂಡು ತಿರುಗಿದ್ದೆನಲ್ಲ, ಮುಂದೆ ಇದ್ದದ್ದು ನಿಜ. ಸಾಕಷ್ಟು ಮುಂದೆ ಇರಲಿಲ್ಲ.

ಮಾಷ್ಟ್ರು ಮದುವೆ ಕಾಗದ ಮಡಚಿ ಜೇಬಿಗೆ ಹಾಕಿದರು. ಬನ್ಸ್ ಮುರಿದು ಚಟ್ನಿಗೆ ಅದ್ದಿದರು.

"ಒಂದು ವಿಷ್ಯ ಕೇಳ್ಬೇಕು ನಿನ್ನತ್ರ. ಹಾರ್ನ್ ಕೇಳಿತ್ತಾ ನಿಂಗೆ?"

"ಕೇಳಿತ್ತು."

"ಎರಡು ಸಲವೂ?"

"ಎರಡು ಸಲವೂ ಕೇಳಿತ್ತು ಮಾಷ್ಟ್ರೇ."

ಅವರು ಏನೂ ಹೇಳಲಿಲ್ಲ. ಬಿಲ್ ಬಂತು, ನಾನು ಕೊಟ್ಟೆ.